ಮಾವನ ಅಳತೆಯ ಗುಂಡು

ಶುಕ್ರವಾರ ಬೇಟೆ ಸಂಘದ ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದಾಗ ಔಲಿಸ್ ಒಬ್ಬನೇ ಎದ್ದು ನಿಂತು, "ಮಾವನಿಗೆ ಗುಂಡು ನಾನು ತರ್ತೀನಿ. ನಾಳೆ ಪರೀಕ್ಷೆ ಮುಗಿಯೋದರೊಳಗೆ ತರ್ತೀನಿ," ಎಂದುಬಿಟ್ಟ. ಹಾಗೆ ಎದ್ದು ನಿಂತು ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. ಫಿನ್‌ಲೆಂಡಿನ ಗಡಿಯ ಪೆಲ್ಲೊ ಊರಿನ ಶಾಲಾ ಬಸ್ಸನ್ನು ಮೂವತ್ತು ವರ್ಷ ಓಡಿಸಿದ್ದರೂ ಒಂದು ಮಗುವನ್ನೂ ಗದರಿ ಗೊತ್ತಿರದ ಮನುಷ್ಯ. ಆಡಿದ ಮೇಲೆ ಅವನಿಗೇ ಗಾಬರಿಯಾಯಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲೇ ನಾಲ್ಕು ಜನ ಅವನ ಬೆನ್ನು ತಟ್ಟಿದ್ದರು.

ಮಾವ ನೆಸ್ತೊರಿಗೆ ಎಂಬತ್ತೆರಡು ವಯಸ್ಸು. ಕಡವೆಯ ದೊಡ್ಡಪ್ಪನಂತಿರುವ ಮೂಸ್ ಪ್ರಾಣಿಯ ಬೇಟೆಗೆಂದು ಕಲ್ಲುಜೌಗು ಎನ್ನುವ ಕೆಸರುನೆಲದ ಅಂಚಿನ ಬೇಟೆ ಮರೆಯಲ್ಲಿ ಐವತ್ತೇಳು ವರ್ಷ ಕೂತವರು. ಅವರ ಕೋವಿ ಅವರ ಅಪ್ಪನದು. ಅದರ ಅಳತೆಯ ಗುಂಡನ್ನು ಕಾರ್ಖಾನೆಯವರು ಮಾಡುವುದು ಬಿಟ್ಟು ಕಾಲವಾಗಿತ್ತು. ಮದ್ದು, ಕೇಪು, ಖಾಲಿ ತೋಟಾ, ಒತ್ತುವ ಯಂತ್ರ ಎಲ್ಲ ಮನೆಯಲ್ಲೇ ಇದ್ದವು. ತೋಟಾದ ಮೂತಿಗೆ ಕೂರಿಸುವ ಗುಂಡು ಮಾತ್ರ ಎರಡು ವರ್ಷದಿಂದ ಎಲ್ಲೂ ಸಿಗುತ್ತಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಎಪ್ಪತ್ತೈದು ಮೀಟರ್ ದೂರದ ಮೂಸ್ ಚಿತ್ರಕ್ಕೆ ನಾಲ್ಕು ಗುಂಡು ಹೊಡೆದು ಪಾಸಾಗದವರು ಬೇಟೆಗೆ ಹೋಗುವಂತಿಲ್ಲ. ನೆಸ್ತೊರಿಯವರ ಪಾಸಾದ ಪತ್ರದ ಅವಧಿ ವಸಂತದಲ್ಲೇ ಮುಗಿದಿತ್ತು. ಊರಿನಲ್ಲಿ ಈ ವರ್ಷದ ಕೊನೆಯ ಪರೀಕ್ಷೆ ಶನಿವಾರ, ನಾಲ್ಕು ಗಂಟೆಯವರೆಗೆ. ಅದು ತಪ್ಪಿದರೆ ಕಲ್ಲುಜೌಗಿನ ಮರೆ ಚೀಟಿ ಎತ್ತಿ ಬೇರೆಯವರ ಪಾಲಾಗುತ್ತಿತ್ತು.

ಬೇರೆ ಕೋವಿ ಕೊಡುತ್ತೇವೆಂದು ಸಂಘದವರೆಲ್ಲ ಹೇಳಿ ನೋಡಿದ್ದರು. "ಇನ್ನೊಬ್ಬರ ಹಲ್ಲುಕಟ್ಟು ಹಾಕ್ಕೊಂಡು ನೀನು ಊಟ ಮಾಡ್ತೀಯೇನಪ್ಪಾ?" ಎಂದು ಮುದುಕ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದರು.

ಔಲಿಸ್ ಒಂಬತ್ತನೆಯ ವಯಸ್ಸಿಗೇ ಅಪ್ಪನನ್ನು ಕಳೆದುಕೊಂಡವನು. ಬಲೆ ಹೆಣೆಯುವುದು, ಕೋವಿ ಹಿಡಿಯುವುದು, ಸೌನಾ ಎನ್ನುವ ಉಗಿಮನೆಯ ಒಲೆಗೆ ಸೌದೆ ಒಟ್ಟುವುದು ಎಲ್ಲ ಕಲಿತದ್ದು ಈ ಮಾವನಿಂದ. ಅದರಲ್ಲೂ ಕೋವಿ ಹಿಡಿಯುವುದನ್ನು ಅವರ ಮಗಳು ಇರ್ಯಾಳನ್ನು ಮದುವೆಯಾಗುವ ಮೊದಲೇ ಕಲಿತಿದ್ದ. ಇರ್ಯಾ ಅವನಿಗೆ ಆಮೇಲೆ ಸಿಕ್ಕ ಲಾಭ. ಮಾವ ಈಚೆಗೆ ಮಂಕಾಗಿ ಕೂರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಇರ್ಯಾ ರೈ ಬ್ರೆಡ್ಡು, ಬೆಣ್ಣೆ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿ ಕೊಟ್ಟಳು. "ಹೋಗಿ ಬಾ. ಸಿಗದಿದ್ದರೆ ಬೇಜಾರು ಮಾಡ್ಕೋಬೇಡ," ಎಂದಳು. ಬೂಟು ಹಾಕಿಕೊಳ್ಳುವಾಗ ಅದನ್ನೇ ಇನ್ನೊಮ್ಮೆ ಹೇಳಿದಳು. ಬಾಗಿಲಲ್ಲಿ ಮತ್ತೊಮ್ಮೆ. ಎಂಥ ಹೆಂಡತಿಯನ್ನು ಕೊಟ್ಟೆಯಪ್ಪಾ ದೇವರೇ ಎಂದು ಔಲಿಸನ ಮನಸ್ಸು ತುಂಬಿ ಬಂತು.

ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಲೆಂಪಿಯಕ್ಕ ಬೇಲಿಯ ಹತ್ತಿರ ಪ್ರತ್ಯಕ್ಷಳಾದಳು. ಊರಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎನ್ನುವುದು ಒಲೆಗಿಂತ ಮೊದಲು ಇವಳಿಗೆ ಗೊತ್ತಾಗುತ್ತದೆ.

"ಸ್ವೀಡನ್ನಿಗೆ ಹೋಗ್ತಿದ್ದೀಯಂತೆ. ನಮ್ಮ ಯಜಮಾನರಿಗೆ ತುಟಿಯಲ್ಲಿಟ್ಕೊಳ್ಳೋ ತಂಬಾಕು ಐದು ಡಬ್ಬಿ ತಗೊಂಡು ಬಾ. ಹಸಿರು ಮುಚ್ಚಳದ್ದು."

"ಲೆಂಪಿಯಕ್ಕ, ನಾನು ಗುಂಡಿಗೆ ಹೋಗ್ತಿರೋದು."

"ಗುಂಡು ಭಾರ. ತಂಬಾಕೇನು ಭಾರ?"

ಅಷ್ಟರಲ್ಲಿ ಸಂಘದ ಮುಖ್ಯಸ್ಥ ಕೌಕೋ ಸೈಕಲ್ಲಿನಲ್ಲಿ ಬಂದಿಳಿದ. ಅವನ ಕೈಯಲ್ಲಿ ಒಂದು ಪಟ್ಟಿ. ಸಂಘದ ಹನ್ನೊಂದು ಜನರ ಹೆಸರು, ಅವರವರ ಕೇಪು, ಅವರವರ ಮದ್ದು.

"ಇಲ್ಲಿ ನೂರು ಕೇಪಿಗೆ ಹನ್ನೆರಡು ಯೂರೋ ಕೇಳ್ತಾನೆ ಕಳ್ಳ. ಅಲ್ಲಿ ಎಂಟೇ ಅಂತೆ, ಅವರ ಕ್ರೋನಾ ದುಡ್ಡಿನ ಬೆಲೆ ಬಿದ್ದುಹೋಗಿದೆಯಲ್ಲ," ಎಂದ ಕೌಕೋ. "ನಾರ್ವೆಯಲ್ಲಿ ಎಲ್ಲ ಇದೆ, ಆದರೆ ಬೆಲೆ ಕೇಳಿದರೆ ಮೂಸ್ ತಾನಾಗೇ ಬಿದ್ದು ಸಾಯುತ್ತೆ."

"ಕೇಪು, ಮದ್ದು ಗಡಿ ದಾಟಿಸೋಕೆ ಪರವಾನಗಿ ಕಾಗದ ಬೇಕು ಕೌಕೋ. ಬರೀ ಗುಂಡು ತರಬಹುದು, ಅದು ಸೀಸದ ತುಂಡು."

"ಕಾಗದ ಇದೆಯಲ್ಲ, ನೋಡು."

"ಇದರಲ್ಲಿ ನಿನ್ನ ಹೆಸರಿದೆ."

"ಹೆಸರು ನಂದಾದರೇನು, ಕಾರು ನಿಂದಲ್ವಾ?"

ಔಲಿಸ್ ಬದುಕಿನಲ್ಲಿ ಎರಡನೆಯ ಸಲ ಗಟ್ಟಿಯಾಗಿ ನಿಂತು, ಆಗುವುದಿಲ್ಲ ಎಂದ. ಕೌಕೋ ಬೇಸರ ಮಾಡಿಕೊಳ್ಳಲಿಲ್ಲ. "ಆಯ್ತಪ್ಪ, ಬೆಲೆಯಾದರೂ ಕೇಳ್ಕೊಂಡು ಬಾ. ಕೇಳೋಕೆ ಕಾಗದ ಬೇಡ," ಎಂದು ಪಟ್ಟಿಯನ್ನು ಅವನ ಅಂಗಿಯ ಜೇಬಿಗೆ ತುರುಕಿದ.

ಸೇತುವೆ ದಾಟಿದರೆ ಸ್ವೀಡನ್. ಹೊಳೆ ಅದೇ, ಸೊಳ್ಳೆ ಅದೇ, ಗಡಿಯಾರ ಮಾತ್ರ ಒಂದು ಗಂಟೆ ಹಿಂದೆ. ದಡದ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಔಲಿಸ್ ಬೇಟೆ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯ ಬೆರ್ತಿಲ್ ದಕ್ಷಿಣದಿಂದ ಬಂದ ಹೊಸಬ, ಬಾಯ್ತುಂಬ ಮಾತಾಡುವವನು. ಹನ್ನೊಂದು ಜನರ ಬೆಲೆ ಕೇಳಿ ಬರೆದುಕೊಳ್ಳುವಷ್ಟರಲ್ಲಿ ಔಲಿಸನ ಹಿಂದೆ ಏಳು ಗಿರಾಕಿಗಳ ಸಾಲು ನಿಂತಿತ್ತು. ಇಷ್ಟೆಲ್ಲ ಕೇಳಿದ ಮನುಷ್ಯ ಒಂದನ್ನೂ ಕೊಳ್ಳದೆ, ಹಳೆಯ ಅಳತೆಯ ಗುಂಡು ಇದೆಯೇ ಎಂದದ್ದಕ್ಕೆ ಸಾಲಿನವರು ನಿಟ್ಟುಸಿರು ಬಿಟ್ಟರು.

"ಕೊನೆಯ ಡಬ್ಬಿ ಮಂಗಳವಾರ ಹೋಯ್ತು," ಎಂದ ಬೆರ್ತಿಲ್. "ಹೆಲ್ಸಿಂಕಿಯ ಯಾರೋ ಸಾಹೇಬರು. ಕಪ್ಪು ಕನ್ನಡಕ. ಹಳೇ ಗುಂಡು ಸಂಗ್ರಹ ಮಾಡ್ತಾರಂತೆ. ಎರಡು ವರ್ಷದಿಂದ ಬಂದದ್ದನ್ನೆಲ್ಲ ಅವರೇ ಬಾಚ್ಕೊಂಡು ಹೋಗ್ತಾರೆ. ಬೆಲೆ ಎಷ್ಟು ಹೇಳಿದರೂ ಹೂಂ ಅಂತಾರೆ."

ಔಲಿಸನ ಕಿವಿ ಬಿಸಿಯಾಯಿತು. ರಾಜಧಾನಿ ಹೆಲ್ಸಿಂಕಿಯವರು ಬೇಸಿಗೆಯಲ್ಲಿ ಬಂದು ಹೊಳೆಯ ಮೀನು ತಿನ್ನುತ್ತಾರೆ, ಕಾಡಿನ ಹಣ್ಣು ಬಳಿದುಕೊಂಡು ಹೋಗುತ್ತಾರೆ, ಈಗ ಒಬ್ಬ ಮುದುಕನ ಗುಂಡನ್ನೂ ಬಿಡಲಿಲ್ಲವಲ್ಲ. ಇನ್ನೂ ಇಪ್ಪತ್ತು ಮೈಲಿ ಕೆಳಗಿನ ಎರಡನೆಯ ಅಂಗಡಿಯಲ್ಲೂ ಅದೇ ಕತೆ, ಅದೇ ಕನ್ನಡಕ. "ಪಾಪ, ಒಳ್ಳೆ ಮನುಷ್ಯ," ಎಂದು ಅಂಗಡಿಯವಳು ಬೇರೆ ಹೊಗಳಿದಳು. ಆ ಒಳ್ಳೆ ಮನುಷ್ಯ ಕೈಗೆ ಸಿಕ್ಕಿದ್ದರೆ ಔಲಿಸ್ ಏನು ಮಾಡುತ್ತಿದ್ದನೋ. ಬಹುಶಃ ಏನೂ ಮಾಡುತ್ತಿರಲಿಲ್ಲ, ಆದರೆ ದಾರಿಯುದ್ದಕ್ಕೂ ಸ್ಟೀರಿಂಗನ್ನು ಬೈದ.

ಅವನ ಸಪ್ಪೆ ಮುಖ ನೋಡಿದ ಅಂಗಡಿಯವಳೇ ಒಂದು ದಾರಿ ತೋರಿಸಿದಳು. ಹಿಂದಕ್ಕೆ ಹೋಗುವ ದಾರಿಯಲ್ಲಿ ಹೊಳೆಯ ದಡದಲ್ಲೇ ಹಿಲ್ದುರ್ ಎನ್ನುವ ವಿಧವೆಯ ಹಳದಿ ಮನೆ. ಅವಳ ಗಂಡ ಇದೇ ಅಳತೆಯ ಕೋವಿ ಇಟ್ಟುಕೊಂಡಿದ್ದನಂತೆ.

ಹಿಲ್ದುರ್‌ಗೆ ಎಪ್ಪತ್ತೆಂಟು ವಯಸ್ಸು. ಅವಳು ಬಂದವನನ್ನು ಮೇಲಿಂದ ಕೆಳಗೆ ನೋಡಿ, "ಗುಂಡಿನ ಮಾತು ಆಮೇಲೆ. ನಿನ್ನ ಕೈ ಗಟ್ಟಿಯಿದೆ, ಆ ಸೌದೆಯನ್ನು ಸ್ವಲ್ಪ ಜೋಡಿಸಿಕೊಡು," ಎಂದಳು. ಸ್ವಲ್ಪವೆಂದರೆ ಒಂದು ಲಾರಿ. ಸೌದೆ ಮುಗಿದ ಮೇಲೆ ಚೀಸ್ ತುಂಡು ಮುಳುಗಿಸಿದ ಕಾಫಿ, ಕಾಫಿಯ ಜೊತೆ ಏಳು ಬಗೆಯ ಬಿಸ್ಕತ್ತು. ಒಂದೊಂದನ್ನೂ ತಿಂದು ಒಂದೊಂದನ್ನೂ ಹೊಗಳಬೇಕಾಯಿತು.

"ಇದೇ ಅಳತೆ ಕೇಳ್ಕೊಂಡು ಮೊನ್ನೆ ಒಬ್ಬರು ಬಂದಿದ್ದರು," ಎಂದಳು ಹಿಲ್ದುರ್. "ಕೂಡಿಡೋಕೆ ಅಂದರು. ನಾನು ಇಲ್ಲ ಅಂತ ಸುಳ್ಳು ಹೇಳಿದೆ. ಇಲ್ಲ ಅಂದಿದ್ದಕ್ಕೆ ಮುಖ ಅರಳಿಸ್ಕೊಂಡು ಎರಡು ಲೋಟ ಕಾಫಿ ಕುಡಿದು ಹೋದರು ನೋಡು, ವಿಚಿತ್ರ ಪ್ರಾಣಿ."

"ಹೆಲ್ಸಿಂಕಿಯವರೆಲ್ಲ ಹಾಗೇ," ಎಂದ ಔಲಿಸ್.

"ನಿಂಗ್ಯಾಕೆ ಬೇಕು?"

ಔಲಿಸ್ ಹೇಳಿದ. ಮಾವನ ವಿಷಯ, ಕಲ್ಲುಜೌಗಿನ ವಿಷಯ, ಐವತ್ತೇಳು ವರ್ಷದ ವಿಷಯ. ಹಿಲ್ದುರ್ ಎದ್ದು ಒಳಗೆ ಹೋಗಿ ಗಂಡನ ಮೇಜಿನ ಖಾನೆಯಿಂದ ಒಂದು ಸಣ್ಣ ಡಬ್ಬಿ ತಂದು ಅವನ ಮುಂದಿಟ್ಟಳು. ಇಪ್ಪತ್ತು ಗುಂಡು. ದುಡ್ಡು ತೆಗೆದುಕೊಳ್ಳಲಿಲ್ಲ. "ಕೂಡಿಡೋರಿಗೆ ಕೊಡಲ್ಲ. ಹೊಡೆಯೋರಿಗೆ ಕೊಡ್ತೀನಿ. ನಮ್ಮೋರಿಗೂ ಅದೇ ಇಷ್ಟವಾಗ್ತಿತ್ತು," ಎಂದು ಕಣ್ಣೊರೆಸಿಕೊಂಡಳು.

ಔಲಿಸ್ ಅಂಗಳಕ್ಕೆ ಬಂದು ಫೋನು ನೋಡಿದ. ಎರಡು ಗಂಟೆ. ಹೊಳೆಯ ಎರಡೂ ದಡದವರಿಗೆ ಹಾಲು ಹಲ್ಲಿನ ಜೊತೆಗೇ ಬರುವ ಲೆಕ್ಕವೊಂದಿದೆ: ಸ್ವೀಡನ್ನಿನಲ್ಲಿ ನಿಂತು ಗಡಿಯಾರ ನೋಡಿದರೆ ಒಂದು ಕೂಡಿಸಬೇಕು. ಕೂಡಿಸಿದ, ಮೂರಾಯಿತು. ಊರಿಗೆ ಮುಕ್ಕಾಲು ಗಂಟೆ ದಾರಿ, ತೋಟಾ ಕಟ್ಟಲು ಅರ್ಧ ಗಂಟೆ, ಪರೀಕ್ಷೆ ಮುಗಿಯುವುದು ನಾಲ್ಕಕ್ಕೆ. ಬಿಸ್ಕತ್ತುಗಳನ್ನೂ ಸೌದೆಯನ್ನೂ ಒಟ್ಟಿಗೆ ಶಪಿಸುತ್ತ ಕಾರು ಹತ್ತಿದ.

ಬಸ್ಸು ಓಡಿಸುವಾಗ ಇರುವೆ ಅಡ್ಡ ಬಂದರೂ ನಿಲ್ಲಿಸುತ್ತಿದ್ದ ಔಲಿಸ್ ಅಂದು ಓಡಿಸಿದ ಬಗೆಯನ್ನು ಹೇಳದಿರುವುದೇ ಒಳ್ಳೆಯದು. ತಂಬಾಕಿನ ಅಂಗಡಿ ದಾರಿಯಲ್ಲೇ ಹಾದುಹೋಯಿತು, ಅವನಿಗೆ ಕಾಣಲೇ ಇಲ್ಲ. ಸೇತುವೆ ದಾಟಿ ಊರಿಗೆ ತಿರುಗುವ ಕಡೆ ಪೊಲೀಸ್ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದಳು. ಚಿಕ್ಕವಳಿದ್ದಾಗ ಅವನ ಬಸ್ಸಿನಲ್ಲೇ ಶಾಲೆಗೆ ಹೋದವಳು.

"ಔಲಿಸ್ ಮಾಮ, ನೀವಾ? ಅರವತ್ತರ ರಸ್ತೆಯಲ್ಲಿ ತೊಂಬತ್ತೆರಡು."

"ಪರೀಕ್ಷೆಗೆ ಹೊತ್ತಾಯ್ತಮ್ಮ. ಮುಗಿದೇ ಹೋಗುತ್ತೆ."

"ನಾಲ್ಕಕ್ಕಲ್ವಾ ಮುಗಿಯೋದು? ಈಗಿನ್ನೂ ಎರಡೂವರೆ."

ಔಲಿಸ್ ಫೋನು ನೋಡಿದ. ಅದು ಎರಡೂವರೆ ಎಂದೇ ಹೇಳುತ್ತಿತ್ತು. ಹಿಲ್ದುರ್ ಮನೆ ಹೊಳೆಯ ದಡದಲ್ಲಿತ್ತಲ್ಲ, ಅಲ್ಲಿ ಫೋನು ಆಚೆ ದಡದ ಫಿನ್‌ಲೆಂಡಿನ ಮೊಬೈಲ್ ಗೋಪುರವನ್ನು ಹಿಡಿದುಕೊಂಡು ಮೊದಲೇ ನಮ್ಮ ಗಂಟೆ ತೋರಿಸಿತ್ತು. ಇವನು ಅದಕ್ಕೆ ಇನ್ನೊಂದು ಕೂಡಿಸಿದ್ದ. ಹೊರಗಿನವನಾಗಿದ್ದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ. ನಮ್ಮ ದೇಶದಲ್ಲಿ ದಂಡವನ್ನು ಸಂಬಳ ನೋಡಿ ಹಾಕುತ್ತಾರೆ. ತನ್ನ ಸಂಬಳ ಕಡಿಮೆಯೆಂದು ಅವನು ಬದುಕಿನಲ್ಲಿ ಮೊದಲ ಸಲ ಸಂತೋಷಪಟ್ಟ.

ಆದರೇನು, ಹೊತ್ತಿತ್ತು, ಗುಂಡಿತ್ತು. ಮಾವನ ಅಂಗಳಕ್ಕೆ ಬಂದಾಗ ಅವನ ಮುಖದಲ್ಲಿ ಮದುವಣಿಗನ ಕಳೆ. ಮನೆಯಲ್ಲಿ ಯಾರೂ ಇರಲಿಲ್ಲ. ದೋಣಿ ಮನೆಯ ಬಾಗಿಲು ಓರೆಯಾಗಿತ್ತು. "ಮಾವ, ನೋಡಿ ಏನು ತಂದಿದ್ದೀನಿ," ಎನ್ನುತ್ತ ಔಲಿಸ್ ಒಳಗೆ ನುಗ್ಗಿದ.

ನೆಸ್ತೊರಿ ಮಗುಚಿ ಹಾಕಿದ ದೋಣಿಯ ಮೇಲೆ ಕೂತು, ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಹತ್ತು ಹೆಜ್ಜೆ ಆಚೆಯ ಗೋಡೆಯಲ್ಲಿ ಅಂಟಿಸಿದ ಮೂಸ್ ಚಿತ್ರಕ್ಕೆ ಗುರಿಯಿಡುತ್ತಿದ್ದರು. ಅವರ ಪಕ್ಕದಲ್ಲಿ ಬಲೆ ಸರಿಸಿದ ಜಾಗದಲ್ಲಿ ಡಬ್ಬಿಗಳು ಇದ್ದವು. ಎಲ್ಲ ಒಂದೇ ಅಳತೆಯವು. ಒಂದರ ಮೇಲೊಂದು, ಮೊಣಕಾಲಿನ ಎತ್ತರಕ್ಕೆ. ಮೇಲಿನ ಡಬ್ಬಿಯ ಮೇಲೆ ಒಂದು ಕಪ್ಪು ಕನ್ನಡಕ.

ಔಲಿಸನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಂಬಲು ಇನ್ನಷ್ಟು ಹೊತ್ತು ಹಿಡಿಯಿತು.

"ಹೆಲ್ಸಿಂಕಿ ಸಾಹೇಬರು ನೀವೇನಾ ಮಾವ?"

ಮುದುಕ ಕೋವಿ ಕೆಳಗಿಳಿಸಿದರು. "ಇಷ್ಟು ಬೇಗ ಯಾಕೆ ಬಂದೆ? ನಾಲ್ಕಾಗುತ್ತೆ ಅಂದಿದ್ದಳು ಇರ್ಯಾ."

"ಇರ್ಯಾಗೂ ಗೊತ್ತಾ?"

"ಮತ್ತೆ ಕಾರು ಓಡಿಸಿದ್ದು ಯಾರು? ನಂಗೆ ರಸ್ತೆ ಕಾಣುತ್ತಾ?"

ಎರಡು ವರ್ಷದಿಂದ ಪ್ರತಿ ಮಂಗಳವಾರ ಇರ್ಯಾ ಚರ್ಚಿನ ಹಾಡಿನ ತಾಲೀಮಿಗೆಂದು ಹೊರಡುತ್ತಿದ್ದಳು. ಎರಡು ವರ್ಷ ಕಲಿತರೂ ಮನೆಯಲ್ಲಿ ಒಂದು ಸಾಲು ಹಾಡದಿದ್ದುದು ಅವಳ ನಾಚಿಕೆಯೆಂದು ಔಲಿಸ್ ತಿಳಿದಿದ್ದ.

"ಆ ಚಿತ್ರ ಕಾಣುತ್ತಾ ಮಾವ?" ಎಂದು ಅವನು ಮೆಲ್ಲಗೆ ಕೇಳಿದ.

"ಕಾಣದೆ ಏನು. ಎರಡು ಮೂಸ್ ಕಾಣುತ್ತೆ. ಯಾವುದಕ್ಕೆ ಹೊಡೀಬೇಕು ಅನ್ನೋದೇ ಗೊತ್ತಾಗಲ್ಲ." ನೆಸ್ತೊರಿ ನಗಲು ನೋಡಿದರು, ಆಗಲಿಲ್ಲ. "ಡಾಕ್ಟರು ಇನ್ನು ಆಗಲ್ಲ ಅಂದುಬಿಟ್ಟ. ಹೇಳಿದರೆ ಏನಾಗುತ್ತೆ? ಅಯ್ಯೋ ಪಾಪ ಅಂತ ಕೌಕೋ ನನ್ನನ್ನು ಬೇಟೆ ಗುಡಿಸಲಲ್ಲಿ ಸಾರು ಕುದಿಸೋಕೆ ಕೂರಿಸ್ತಾನೆ. ಗುಂಡಿಲ್ಲದ ಬೇಟೆಗಾರ ಬೇಟೆಗಾರನೇ ಕಣೋ. ಕಣ್ಣಿಲ್ಲದವನು ಬರೀ ಮುದುಕ. ನಾನು ಸುಮ್ಮನೆ ಅಂಗಡಿ ಖಾಲಿ ಮಾಡ್ತಾ ಇದ್ದೆ. ನೀನು ಎದ್ದು ನಿಂತು ಭಾಷಣ ಮಾಡ್ತೀಯ ಅಂತ ಯಾರಿಗೆ ಗೊತ್ತಿತ್ತು?"

ಔಲಿಸ್ ಅವರ ಪಕ್ಕದಲ್ಲಿ ದೋಣಿಯ ಮೇಲೆ ಕೂತ. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ದುಃಖ. ಏನಾದರೂ ಹೇಳೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಅಂಗಳದಲ್ಲಿ ಕಾರುಗಳ ಹಾರ್ನು ಕೇಳಿಸಿತು. ಗುಂಡು ಸಿಕ್ಕಿತೆಂದು ಹಿಲ್ದುರ್ ಯಾರಿಗೋ ಫೋನು ಮಾಡಿದ್ದಳು, ಆ ಯಾರೋ ಲೆಂಪಿಯಕ್ಕನಿಗೆ ಮಾಡಿದ್ದರು. ಇನ್ನು ಉಳಿದದ್ದು ಹೇಳಬೇಕಾಗಿಲ್ಲ. ಮುದುಕರನ್ನು ಮೆರವಣಿಗೆಯಲ್ಲಿ ಕರೆದೊಯ್ಯಲು ಇಡೀ ಸಂಘವೇ ಬಂದಿತ್ತು.

ಔಲಿಸ್ ಡಬ್ಬಿಗಳ ಮೇಲೆ ಬಲೆ ಎಳೆದು, ಮಾವನ ತೋಳು ಹಿಡಿದು ಹೊರಗೆ ಬಂದ.

"ಸಿಕ್ತಂತಲ್ಲಪ್ಪ," ಎಂದ ಕೌಕೋ, ಮುಖವೆಲ್ಲ ನಗು. "ನೆಸ್ತೊರಿಯಜ್ಜ, ತೋಟಾ ಕಟ್ಟಿ. ಇನ್ನೂ ಒಂದು ಗಂಟೆಯಿದೆ."

ಔಲಿಸ್ ಅಂಗಳದ ಹುಲ್ಲನ್ನೇ ನೋಡುತ್ತ, "ಸಿಕ್ತು. ಆದರೆ ಅಳತೆ ತಪ್ಪು. ನಾನು ಸರಿಯಾಗಿ ನೋಡಲಿಲ್ಲ," ಎಂದ.

ಅಂಗಳದಲ್ಲಿದ್ದವರು ಒಬ್ಬೊಬ್ಬರಾಗಿ ಶುರು ಮಾಡಿದರು. ಎರಡು ದೇಶ ಸುತ್ತಿ ತಪ್ಪು ಗುಂಡು ತಂದನಂತೆ. ದಂಡ ಬೇರೆ ಕಟ್ಟಿದನಂತೆ. "ತಂಬಾಕೆಲ್ಲಿ?" ಎಂದು ಲೆಂಪಿಯಕ್ಕ ಕೇಳಿದಳು. ಅದೂ ಇಲ್ಲವೆಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೊಡು, ನೋಡೋಣ," ಎಂದು ಕೌಕೋ ಡಬ್ಬಿಗೆ ಕೈ ಚಾಚಿದ. ಅಳತೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿತ್ತು. ಔಲಿಸನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ನೆಸ್ತೊರಿ ಡಬ್ಬಿಯನ್ನು ಕಿತ್ತುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಗಂಭೀರವಾಗಿ ಓದಿದರು.

"ಅರ್ಧ ಮಿಲಿಮೀಟರ್ ದಪ್ಪ. ನಲವತ್ತೈದು ವರ್ಷ ಹೇಳಿಕೊಟ್ಟೆ ಇವನಿಗೆ. ಬಸ್ಸಿನ ಚಕ್ರಕ್ಕೂ ಗುಂಡಿಗೂ ವ್ಯತ್ಯಾಸ ಗೊತ್ತಾಗಲಿಲ್ಲ." ಬೈಯುತ್ತಿದ್ದರೂ ಅವರ ಎಡಗೈ ಅಳಿಯನ ಭುಜವನ್ನು ಬಿಗಿಯಾಗಿ ಹಿಡಿದಿತ್ತು.

ಡಬ್ಬಿ ತಲೆಕೆಳಗಾಗಿತ್ತು. ಅದನ್ನು ಔಲಿಸ್ ಕಂಡ. ಕೌಕೋನೂ ಕಂಡ. ಕೌಕೋ ಆ ಡಬ್ಬಿಯನ್ನೇ ನೋಡಿದ, ಮುದುಕರ ಕಣ್ಣುಗಳನ್ನು ನೋಡಿದ, ಟೊಪ್ಪಿ ತೆಗೆದು ತಲೆ ತುರಿಸಿಕೊಂಡ. ಗಂಟಲು ಸರಿಮಾಡಿಕೊಂಡು, "ಅಳತೆ ತಪ್ಪಾದರೆ ಏನ್ ಮಾಡೋಕಾಗುತ್ತೆ. ಅಜ್ಜನ ಅಳತೆಯ ಗುಂಡು ಸಿಗೋವರೆಗೂ ಕಲ್ಲುಜೌಗಿನ ಮರೆ ಅಜ್ಜಂದೇ. ಬೇರೆ ಯಾರೂ ಕೂರೋ ಹಾಗಿಲ್ಲ. ಅಜ್ಜ ಬೇಕಾದರೆ ಫ್ಲಾಸ್ಕ್ ತಗೊಂಡು ಬಂದು ಕೂರಲಿ, ಕಾವಲಿಗೆ," ಎಂದ. ಅವನ ಮಾತಿಗೆ ಯಾರೂ ಎದುರಾಡಲಿಲ್ಲ.

ಔಲಿಸನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದಂಡ ಹೋಗಲಿ, ಮಾನ ಹೋಗಲಿ, ಕೆಲಸ ಆಯಿತಲ್ಲ ಎಂದುಕೊಂಡ.

ಆಗ ಲೆಂಪಿಯಕ್ಕ ಫೋನು ಕಿವಿಯಿಂದ ತೆಗೆದಳು. ಒಳ್ಳೆಯ ಕೆಲಸ ಮಾಡಿದ ತೃಪ್ತಿ ಅವಳ ಮುಖದ ತುಂಬ ಇತ್ತು.

"ನಮ್ಮ ತಂಗಿ ಮಗ ನಾರ್ವೆಯಲ್ಲಿ ಮೀನಿನ ಕೆಲಸದಲ್ಲಿದ್ದಾನಲ್ಲ, ಅವನ ಹತ್ತಿರ ಕೇಳಿದೆ. ಅಲ್ಲೊಂದು ಅಂಗಡಿಯಲ್ಲಿ ಅಜ್ಜನ ಅಳತೆ ನಲವತ್ತು ಡಬ್ಬಿ ಬಿದ್ದಿದೆಯಂತೆ. ಬೆಲೆ ಜಾಸ್ತಿ ಅಂತ ಯಾರೂ ಮುಟ್ಟಿಲ್ಲವಂತೆ. ಪಕ್ಕದ ಜಿಲ್ಲೆಯಲ್ಲಿ ಮುಂದಿನ ಶನಿವಾರ ಇನ್ನೊಂದು ಪರೀಕ್ಷೆ ಇದೆ. ನಮ್ಮ ಯಜಮಾನರು ನಾಳೇನೇ ಹೋಗಿ ಒಂದು ಡಬ್ಬಿ ತರ್ತಾರೆ, ಏನು ಮ—"

"ನಾನು ಹೋಗ್ತೀನಿ," ಎಂದ ಔಲಿಸ್. ಎರಡೇ ದಿನದಲ್ಲಿ ಅವನು ಊರಿನ ಮುಂದೆ ಬಾಯಿ ತೆಗೆದದ್ದು ಇದು ಮೂರನೆಯ ಸಲ. "ತಪ್ಪು ನಂದು. ನಾನೇ ಹೋಗ್ತೀನಿ."

"ಅಳತೆ ಅಂಗೈ ಮೇಲೆ ಬರ್ಕೊಂಡು ಹೋಗಪ್ಪ," ಎಂದು ಯಾರೋ ಹೇಳಿದರು. ಜನ ಮತ್ತೆ ನಕ್ಕು, ಕಾರು ಹತ್ತಿ ಹೋದರು. ಕೌಕೋ ಮಾತ್ರ ನಗಲಿಲ್ಲ. ಹೋಗುವಾಗ ಅವನು ಔಲಿಸನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತೇ ಕುಲುಕಿದ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಇರ್ಯಾ ನಾರ್ವೆಯ ನಕಾಶೆ ಹರಡಿದಳು. ಒಂಬತ್ತು ಗಂಟೆಯ ದಾರಿ. ನಲವತ್ತು ಡಬ್ಬಿಗೆ ನಾರ್ವೆಯ ಬೆಲೆಯಲ್ಲಿ ಎಷ್ಟಾಗುತ್ತದೆಂದು ಅವಳು ಕಾಗದದ ಮೇಲೆ ಗುಣಿಸಿ, ಉತ್ತರವನ್ನು ಗಂಡನಿಗೆ ತೋರಿಸದೆ ಮಡಿಸಿಟ್ಟಳು. "ದೋಣಿಗೆ ಎಂಜಿನ್ನು ಮುಂದಿನ ವರ್ಷ ತಗೊಳ್ಳೋಣ," ಎಂದಷ್ಟೇ ಹೇಳಿದಳು.

ಔಲಿಸ್ ಆಗಲಿ ಎಂದ. ಅವನಿಗೆ ನಿಜವಾಗಿಯೂ ಬೇಸರವಾಗಿರಲಿಲ್ಲ, ಅದೇ ಅವನಿಗೆ ಆಶ್ಚರ್ಯ.

ನೆಸ್ತೊರಿ ಮೇಜಿನ ಆ ತುದಿಯಿಂದ ಕೈ ಚಾಚಿ, ಕಾಣದ ನಕಾಶೆಯ ಮೇಲೆ ತಡಕಾಡಿ ಅಳಿಯನ ಕೈ ಹುಡುಕಿ ಹಿಡಿದುಕೊಂಡರು.

"ಸ್ವಲ್ಪ ಚೌಕಾಸಿ ಮಾಡು," ಎಂದರು. "ಎಲ್ಲ ತಗೊಳ್ತೀನಿ ಅಂದರೆ ಬಿಟ್ಟುಕೊಡ್ತಾರೆ. ಆದರೆ ಬೆಲೆ ಇಳಿಯಲಿ, ಇಳಿಯದೇ ಇರಲಿ, ಒಂದು ಡಬ್ಬೀನೂ ಅಲ್ಲಿ ಉಳಿಸಿ ಬರಬೇಡ ಮಗಾ."